ಗಾಳೆಪ್ಪ ಸಭೆಯಲ್ಲಿ ಹೇಳಿದ ಮಾತು

ಸಂಡೂರು ಗುಡ್ಡದ ಬುಡದಲ್ಲಿ ಒಂದು ಊರು. ಬೇಸಿಗೆ ಬಂತೆಂದರೆ ಅಲ್ಲಿಯ ನಲ್ಲಿಗಳು ಒಣಗುತ್ತಿದ್ದವು. ಆಗ ಊರಿಗೆಲ್ಲ ಗುಡ್ಡದ ಮೇಲಿನ ಒರತೆಯೇ ಗತಿ. ಹೆಂಗಸರು ಬೆಳಗಾಗುತ್ತಲೇ ಕೊಡ ಹಿಡಿದು ಗುಡ್ಡ ಹತ್ತುತ್ತಿದ್ದರು. ಗಾಳೆಪ್ಪನ ಹೆಂಡತಿ ಹೊಳೆಮ್ಮನೂ ಅವರಲ್ಲೊಬ್ಬಳು.

ಅದು ಗಣಿಯ ಅಬ್ಬರದ ಕಾಲ. ಅದಿರು ಲಾರಿಗಳ ಧೂಳಿಗೆ ಗಾಳೆಪ್ಪನ ಮೆಕ್ಕೆಜೋಳದ ಗರಿಗಳು ಕೆಂಪಾಗಿದ್ದವು. ಅಂಥದ್ದರಲ್ಲಿ ಒಂದು ಕಂಪನಿ ಅದೇ ಗುಡ್ಡದಲ್ಲಿ ಹೊಸ ಗಣಿ ತೆರೆಯಲು ಅರ್ಜಿ ಹಾಕಿತು. ಜನರ ಅಭಿಪ್ರಾಯ ಕೇಳಲು ಅಧಿಕಾರಿಗಳು ಊರಿನಲ್ಲೇ ಸಭೆ ಕರೆದರು.

ಅಂಗನವಾಡಿ ಟೀಚರ್ ಹೇಮಾ ಪಂಚಾಯ್ತಿಗೆ ಹೋಗಿ ಕಂಪನಿ ಅರ್ಜಿಯ ಜೊತೆ ಕೊಟ್ಟಿದ್ದ ವರದಿಯ ಕನ್ನಡ ಸಾರಾಂಶ ಓದಿದಳು. ಅಲ್ಲಿಂದ ನೇರ ಗಾಳೆಪ್ಪನ ಮನೆಗೆ ಬಂದಳು.

“ಅಣ್ಣಾ, ಗುಡ್ಡದಾಗ ಎಲ್ಲೂ ನೀರಿಲ್ಲ ಅಂತ ಬರ್ದಾರ್ರಿ! ಸಭಿಗೆ ಬಂದು ಒರತಿ ಐತಿ ಅಂತ ಹೇಳ್ರಿ.”

“ಬಿಡವಾ. ದೊಡ್ಡೋರು ಎಲ್ಲಾ ಮೊದ್ಲ ಮಾಡ್ಕೊಂಡಿರ್ತಾರ. ನಮ್ಮ ಮಾತು ಯಾರು ಕೇಳ್ತಾರ?”

“ಕೇಳಾಕಂತನ ಸಭಿ ಐತಿ. ಹೇಳಿದ್ದೆಲ್ಲಾ ಬರ್ಕೋತಾರ. ನಾವು ಸುಮ್ನಿದ್ರ ಅವ್ರು ಬರ್ದಿದ್ದ ಖರೆ ಆಗತೈತಿ.”

ಗಾಳೆಪ್ಪ ಮುಖ ತಿರುಗಿಸಿದ. ಕಂಪನಿಯ ಏಜೆಂಟ್ ತಿಪ್ಪೇಶ್ ಹಿಂದಿನ ದಿನವಷ್ಟೇ ಅವನಿಗೆ ವಾಚ್‌ಮನ್ ಕೆಲಸದ ಆಸೆ ಹಚ್ಚಿ ಹೋಗಿದ್ದ. ಅದನ್ನು ಅವನು ಹೊಳೆಮ್ಮನಿಗೂ ಹೇಳಿರಲಿಲ್ಲ.

ಸಭೆಯ ದಿನ ಶಾಮಿಯಾನ ತುಂಬಿತ್ತು. ತಿಪ್ಪೇಶ್ ಮೈಕ್ ತಂದು ಗಾಳೆಪ್ಪನ ಕೈಗಿಟ್ಟ.

“ಅದು ಒಣ ಗುಡ್ಡ ಸಾಹೇಬ್ರ. ಹನಿ ನೀರಿಲ್ರಿ. ಕಂಪನಿ ಬರ್ಲಿ,” ಎಂದ ಗಾಳೆಪ್ಪ.

ಹೆಂಗಸರ ಕಡೆ ಗದ್ದಲವೆದ್ದಿತು. ಮುದುಕಿ ಯಮನಮ್ಮ ಎದ್ದೇ ನಿಂತಳು. “ಲೇ ಗಾಳೆಪ್ಪಾ! ಮುಂಜಾನಿ ನಿನ್ನ ಹೇಣ್ತಿ ಹೊತ್ಕೊಂಡು ಬಂದಿದ್ದು ಏನಲೇ ಮತ್ತ?”

ಎಲ್ಲರೂ ಹೊಳೆಮ್ಮನತ್ತ ನೋಡಿದರು. ತಪ್ಪು ತನ್ನದೇ ಎಂಬಂತೆ ಅವಳು ತಲೆ ತಗ್ಗಿಸಿದಳು. ಅದನ್ನು ಕಂಡ ಗಾಳೆಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಮೈಕನ್ನು ತಿಪ್ಪೇಶನ ಕೈಗೆ ಕೊಟ್ಟು ಕುಳಿತುಬಿಟ್ಟ.

ಹೇಮಾ ಮಾತಾಡಿದಳು, ಇನ್ನೂ ಕೆಲವರು ಮಾತಾಡಿದರು. ಕೊನೆಗೆ ಗುಮಾಸ್ತ ತಾನು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದ: “ಗಾಳೆಪ್ಪ, ತಂದೆ ಉಚ್ಚೆಂಗೆಪ್ಪ. ಗುಡ್ಡದಲ್ಲಿ ನೀರಿನ ಮೂಲ ಇಲ್ಲವೆಂದು ತಿಳಿಸಿರುತ್ತಾರೆ.”

ಆ ಒರತೆಗೆ ಸುತ್ತ ಕಲ್ಲು ಕಟ್ಟಿದವನೇ ಉಚ್ಚೆಂಗೆಪ್ಪ. ಅಪ್ಪನ ಹೆಸರಿನ ಬೆನ್ನಿಗೇ ತನ್ನ ಸುಳ್ಳು ಕೇಳಿ ಗಾಳೆಪ್ಪನಿಗೆ ಕೂರಲಾಗಲಿಲ್ಲ. ತಿಪ್ಪೇಶ್ ತೋಳು ಹಿಡಿದು ಜಗ್ಗಿದರೂ ಕೊಡವಿಕೊಂಡು ಎದ್ದ.

“ಸಾಹೇಬ್ರ, ನಾ ಹೇಳಿದ್ದು ಸುಳ್ರಿ. ನೌಕರಿ ಆಸೆಕ್ಕ ಹೇಳಿದೆ. ಒರತಿ ಐತ್ರಿ, ನಮ್ಮಪ್ಪ ಕಟ್ಟಿದ್ದು. ನಮ್ಮನಿ ಮಂದಿ ಎಲ್ಲಾ ಅದ ನೀರು ಕುಡೀತೀವ್ರಿ. ಮೊದ್ಲು ಹೇಳಿದ್ದು ಹೊಡದ್ ಹಾಕ್ರಿ.”

“ಹೊಡೆದು ಹಾಕೋಕೆ ಬರಲ್ಲಪ್ಪ,” ಎಂದರು ಅಧಿಕಾರಿ. “ಎರಡನ್ನೂ ಬರ್ಕೋತೀವಿ. ಜಾಗ ತೋರಿಸ್ತೀಯಾ?”

ಮರುವಾರ ಸರ್ವೆಯವರು ಬಂದರು. ಗಾಳೆಪ್ಪ ತಲೆ ಎತ್ತದೆ ಅವರ ಮುಂದೆ ಗುಡ್ಡ ಹತ್ತಿದ. ಒರತೆ ನಕ್ಷೆಗೆ ಸೇರಿತು. ಗಣಿಯ ತೀರ್ಮಾನ ಇನ್ನೂ ಬಂದಿರಲಿಲ್ಲ. ಅವನ ಸುಳ್ಳೂ ಸಭೆಯ ಕಾಗದದಲ್ಲಿ ಹಾಗೇ ಉಳಿಯಿತು.

“ಎಲ್ಲಾರ ಮುಂದ ನಿನ್ನ ತಲಿ ತಗ್ಗಿಸಿಬಿಟ್ನೇ,” ಎಂದ ಗಾಳೆಪ್ಪ, ಸರ್ವೆಯವರು ಹೋದ ಸಂಜೆ ಹೆಂಡತಿಗೆ.

“ನೌಕರಿ ನಾ ಕೇಳಿದ್ನೇನು?” ಎಂದಳು ಹೊಳೆಮ್ಮ. ನಾಳೆಗೆ ಕೊಡ ತೊಳೆದಿಡುತ್ತಾ, “ಇನ್ನೊಂದು ಸಭಿ ಕರದ್ರ ನಾನ ಮಾತಾಡ್ತೀನಿ. ದಿನಾ ನೀರು ಹೊರೋಕಿ ನಾನು,” ಎಂದಳು.

“ಮಾತಾಡು. ನಾ ಮಗ್ಗಲದಾಗ ನಿಂದ್ರತೀನಿ,” ಎಂದ ಗಾಳೆಪ್ಪ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಗಣಿಗೋ ಕಾರ್ಖಾನೆಗೋ ಇಂಥ ಸಭೆ ಕರೆದಾರು. ಮೊದಲೇ ಪಂಚಾಯ್ತಿಗೆ ಹೋಗಿ ಕಂಪನಿಯ ವರದಿಯ ಕನ್ನಡ ಸಾರಾಂಶ ಕೇಳಿರಿ. ಓದು ಬಾರದಿದ್ದರೆ ಓದಿಸಿರಿ. ಹಳ್ಳ, ಒರತೆ, ದನ ಮೇಯುವ ಜಾಗ, ನೀವು ಕಂಡದ್ದನ್ನು ಸಭೆಯಲ್ಲಿ ಹೇಳಿರಿ. ಬರೆದುಕೊಂಡದ್ದನ್ನು ಓದಿಸಿ ಕೇಳದೆ ಏಳಬೇಡಿರಿ. ಸುಳ್ಳು ಹೇಳಿದ್ದಕ್ಕೆ ಗಾಳೆಪ್ಪ ನಾಚಿದ. ಗೊತ್ತಿದ್ದೂ ಸುಮ್ಮನೆ ಕುಳಿತರೆ ನಾವೂ ನಾಚಬೇಡವೇ?