ವೇಷದ ಚಿಟ್ಟೆಯೂ ನ್ಯೇವುವಿನ ಕೋಳಿಯೂ

ನನ್ನ ನಾದಿನಿ ನ್ಯೇವುವಿಗೆ ಸೋಲು ಒಪ್ಪಿಕೊಂಡು ಗೊತ್ತಿಲ್ಲ. ನನಗೂ ಇಲ್ಲ. ಹಾಗಾಗಿ ಸೊಕೊಕೆ ಕಾಡಿನಂಚಿನ ನಮ್ಮ ಚಿಟ್ಟೆ ಸಂಘದಲ್ಲಿ ಗುರುತು ಹಿಡಿಯುವವರ ಕುರ್ಚಿ ಖಾಲಿಯಾದಾಗ ಇಬ್ಬರೂ ಟೊಂಕ ಕಟ್ಟಿ ನಿಂತೆವು. ಊರವರು ಹಿಡಿದು ತಂದ ಚಿಟ್ಟೆ ಯಾವ ಜಾತಿಯದೆಂದು ಹೇಳುವುದು ಆ ಕುರ್ಚಿಯ ಕೆಲಸ. ಅಲ್ಲಿ ಕೂತವಳ ಮಾತೇ ಕೊನೆ. ನನಗೆ ಅದು ಬೇಕೇ ಬೇಕಿತ್ತು.

ನಮ್ಮಿಬ್ಬರನ್ನು ಪರೀಕ್ಷಿಸಲು ಸಂಘದ ಯಜಮಾನರಾದ ಚಂಗಾವಜ್ಜ ಮೇಜಿನ ಮೇಲೆ ಎರಡು ಚಿಟ್ಟೆ ಇಟ್ಟರು. ಮಡಕೆಯ ತಂಪಿನಲ್ಲಿದ್ದು ಬಂದ ಅವು ಇನ್ನೂ ತೂಕಡಿಸುತ್ತಿದ್ದವು. ಎರಡೂ ಕಪ್ಪು, ಎರಡಕ್ಕೂ ಬಿಳಿ ಪಟ್ಟೆ. ಒಂದು, ಹಕ್ಕಿಗಳು ಬಾಯಿಗಿಡದ ಕಹಿ ಚಿಟ್ಟೆ. ಇನ್ನೊಂದು ಅದರ ವೇಷ ಹಾಕಿಕೊಂಡು ಬದುಕುವ ಕಳ್ಳಿ. ನಮ್ಮಿಂದ ಚಿಟ್ಟೆ ಕೊಳ್ಳುವ ಮೊಂಬಾಸಾದ ಸಂಗ್ರಾಹಕ ಕೇಳಿದ್ದು ಈ ಕಳ್ಳಿಯನ್ನೇ.

"ಬಲಗಡೇದು ವೇಷದ್ದು," ನ್ಯೇವು ಥಟ್ಟನೆ ಹೇಳಿದಳು.

"ಎಡಗಡೇದು," ಎಂದೆ ನಾನು. "ಕಾಲು ಎಣಿಸಿ ಅಜ್ಜ. ಇದು ಆರೂ ಕಾಲು ಊರಿ ನಿಂತಿದೆ. ಕಹೀದು ಮುಂದಿನ ಎರಡು ಮಡಚ್ಕೊಂಡು ನಾಲ್ಕರ ಮೇಲೆ ನಿಲ್ಲುತ್ತೆ."

"ಅಯ್ಯೋ ಅತ್ತಿಗೆ, ನಮ್ಮಣ್ಣನ್ನ ಮದುವೆ ಆಗೋವಾಗ್ಲೂ ಕಾಲು ಎಣಿಸಿದ್ಯಾ?"

"ಎಣಿಸಿದ್ದೆ ಕಣೇ. ನಿಮ್ಮನೆಯವರ ನಾಲಿಗೆ ಅಳೀಲಿಲ್ಲ, ಅದೇ ತಪ್ಪಾಯ್ತು."

ಅಜ್ಜ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ನನ್ನ ಕಣ್ಣಿಗೆ ಎರಡಕ್ಕೂ ಹತ್ತತ್ತು ಕಾಲು ಕಾಣ್ತಿದೆ ಕಣ್ರಮ್ಮ."

ಅಷ್ಟರಲ್ಲಿ, ನ್ಯೇವು ಹೋದಲ್ಲೆಲ್ಲ ಹಿಂದೆ ಬರುವ ಅವಳ ಕೆಂಪು ಕೋಳಿ ಮೇಜಿನ ಮೇಲೆ ಹಾರಿತು. ಬಲಗಡೆಯ ಚಿಟ್ಟೆಯನ್ನು ಕುಕ್ಕಿ, ಥೂ ಎಂಬಂತೆ ಉಗಿದು, ಕೊಕ್ಕನ್ನು ಹಲಗೆಗೆ ಉಜ್ಜಿತು. ನಾವು ಬಾಯಿ ತೆರೆಯುವ ಮೊದಲೇ ಎಡಗಡೆಯದನ್ನು ಗುಳುಂ ಮಾಡಿ, ಇನ್ನೊಂದಿದೆಯಾ ಎಂದು ಹುಡುಕತೊಡಗಿತು.

"ನುಂಗ್ತು! ನಂದನ್ನೇ ನುಂಗ್ತು!" ನಾನು ನಿಂತಲ್ಲೇ ಕುಣಿದುಬಿಟ್ಟೆ. ಅಜ್ಜ ನಕ್ಕು ನಕ್ಕು ನೆಲಕ್ಕೆ ಕೂತರು.

"ಉಂಡ ಮನೆಗೆ ಎರಡು ಬಗೆದ್ಯಲ್ಲೇ, ಹಾಳಾದ್ದೇ!" ನ್ಯೇವು ಕೋಳಿಯನ್ನು ಅಟ್ಟಿಸಿಕೊಂಡು ಓಡಿದಳು. ಬೈಯುತ್ತಲೇ ಅವಳಿಗೂ ನಗು ತಡೆಯಲಾಗಲಿಲ್ಲ.

ಅಜ್ಜ ಕಣ್ಣೊರೆಸಿಕೊಂಡು, ನನ್ನತ್ತ ಕೈ ತೋರಿಸಿ ತೀರ್ಪು ಕೊಟ್ಟರು: "ಕುರ್ಚಿ ಜುಮ್ವಾಗೆ. ಕೋಳಿ ತಿಂದಿದ್ದನ್ನ ಕೋಳಿಯವಳು ತಂದುಕೊಡ್ಬೇಕು. ಇವತ್ತೇ ಸಂಗ್ರಾಹಕ ಬರ್ತಾನೆ."

ಕುರ್ಚಿಯಲ್ಲಿ ಕೂತೆ. ಒಂದು ಕಾಲು ಗಿಡ್ಡವಾಗಿ ಅಲ್ಲಾಡುತ್ತಿತ್ತು, ಆದರೂ ನನಗೆ ಸ್ವರ್ಗಕ್ಕೆ ಮೂರೇ ಗೇಣು. ನ್ಯೇವು ಗೊಣಗುತ್ತಾ ಬಲೆ ಹಿಡಿದು ನಿಂಬೆಗಿಡಗಳ ಕಡೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಕೈತುಂಬ ಮುಳ್ಳು ಗೀರಿಸಿಕೊಂಡು ಬಂದು, ಮುಖ ಆಚೆ ತಿರುಗಿಸಿ ಬಲೆಯನ್ನು ನನ್ನ ಮುಂದೆ ಹಿಡಿದಳು.

"ಅತ್ತಿಗೆ, ನೋಡಿ ಹೇಳು. ಇದು ಅದೇನಾ?"

ಅದೇ ಆಗಿತ್ತು, ನೋಡಿದ ಕೂಡಲೇ ಗೊತ್ತಾಯಿತು. ಆದರೂ ಬಲೆಯನ್ನು ಆಚೆ ಈಚೆ ತಿರುಗಿಸುತ್ತಾ ನೋಡುತ್ತಲೇ ಇದ್ದೆ.