ಅಲೆ ಹಿಂದೆ ಸರಿದ ಜಾಗ

ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಳಾದ ನೀಲಾಂಬಿಕಾ ಮೂರು ತಿಂಗಳಿಂದ ಒಂದೇ ಚಿತ್ರದ ಬೆನ್ನು ಹತ್ತಿದ್ದಳು. ಕುಮಟಾದ ಆಚೆ, ಗುಡ್ಡ ಹತ್ತಿಳಿದು ನಡೆದೇ ಹೋಗಬೇಕಾದ ಒಂದು ಕಡಲತೀರವನ್ನು ಹಿಂದಿನ ವರ್ಷ ಗೆಳತಿಯರೊಂದಿಗೆ ಹೋಗಿ ಕಂಡಿದ್ದಳು. ಅಲ್ಲಿ ದೋಣಿಯಿರಲಿಲ್ಲ, ಹೆಜ್ಜೆ ಗುರುತೂ ಇರಲಿಲ್ಲ. ಅದನ್ನೇ ಈಗ ವಿಜಯನಗರದ ಮನೆಯ ಮಹಡಿಯಲ್ಲಿ, ಆಳುದ್ದದ ಪ್ಲೈವುಡ್ ಹಲಗೆಯ ಮೇಲೆ ತರಲು ಹೊರಟಿದ್ದಳು. ನೀಲಿ, ಹಸಿರು ಬಣ್ಣಗಳನ್ನು ಪದರಪದರವಾಗಿ ಬಳಿದು, ಗೋಣಿನಾರು, ಹರಿದ ಬಲೆಯ ತುಂಡು, ಮರಳು ಎಲ್ಲವನ್ನೂ ಅಂಟಿಸಿದ್ದಳು. ಇದು ಸಮುದ್ರ ಎಂದು ಬೆರಳಿಟ್ಟು ತೋರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ. ಮರಳು ಮಾತ್ರ ನಿಲ್ಲದೆ ಉದುರುತ್ತಿತ್ತು.

ಗಂಡ ಕೊಟ್ರೇಶ್ ಬಾಪೂಜಿ ನಗರದಲ್ಲಿ ಕಾರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುವ ಶೆಡ್ ನಡೆಸುತ್ತಿದ್ದ. ಹೆಂಡತಿ ದಿನಾ ಮರಳು ಗುಡಿಸುವುದನ್ನು ನೋಡಿ ಅವನಿಗೆ ಪಾಪ ಅನ್ನಿಸಿತು. ಒಂದು ಭಾನುವಾರ ಅವಳು ಹೊಸಹಳ್ಳಿಯ ತಂಗಿಯ ಮನೆಗೆ ಹೋದಾಗ, ನೆಗ್ಗು ತುಂಬುವ ಪುಟ್ಟಿ ತಂದು, ಉದುರಿದ ಕಡೆಯೆಲ್ಲ ಮೆತ್ತಿ, ಕಾರಿನ ಬಾಗಿಲಿನ ಹಾಗೆ ನುಣ್ಣಗೆ ಮಾಡಿಟ್ಟ.

ಸಂಜೆ ಬಂದ ನೀಲಾಂಬಿಕಾ ಹಲಗೆಯ ಮುಂದೆ ನಿಂತವಳು ನಿಂತೇ ಇದ್ದಳು. ಅರ್ಧ ಚಿತ್ರ ಬೂದು ಗೋಡೆಯಾಗಿತ್ತು.

“ನಿಮಗ್ಯಾರು ರೀ ಹೇಳಿದ್ರು ಇದನ್ನ ಮಾಡೋಕೆ?” ಎಂದಷ್ಟೇ ಕೇಳಿ ಕೆಳಗಿಳಿದು ಹೋದಳು. ಎರಡು ದಿನ ಊಟದ ತಟ್ಟೆ ಮೇಜಿಗೆ ಬರುತ್ತಿತ್ತು, ಜೊತೆಗೆ ಕೂರಲು ಅವಳು ಬರುತ್ತಿರಲಿಲ್ಲ.

ಮೂರನೆಯ ದಿನ ಕೊಟ್ರೇಶ್ ಶೆಡ್ಡಿಗೆ ಹೋಗದೆ, ಒಂದು ಬಕೆಟ್ ನೀರು, ಉಪ್ಪುಕಾಗದ ಹಿಡಿದು ಮಹಡಿ ಹತ್ತಿದ. ಇನ್ನೇನು ಕೆಡಿಸುತ್ತಾನೋ ಎಂದು ಅವಳೂ ಹಿಂದೆಯೇ ಬಂದಳು.

“ನಾನು ಮುಟ್ಟಲ್ಲ ಕಣೇ, ನೀನೇ ಉಜ್ಜು. ನೀರು ಹಾಕ್ಕೊಂಡು, ಕೈ ಹಗುರ ಇರ್ಲಿ. ಒಳಗಿರೋದು ತಾನಾಗೇ ಕಾಣುತ್ತೆ,” ಎಂದ.

ಅವಳು ಉಜ್ಜಿದಳು. ಮೊದಮೊದಲು ಬರೀ ಬೂದು ನೀರು ಇಳಿಯಿತು. ಆಮೇಲೆ ನೀಲಿಯ ಒಂದು ಚೂರು ಇಣುಕಿತು; ಅದರ ಪಕ್ಕ ಬಲೆಯ ಗಂಟುಗಳು, ಪುಟ್ಟಿಯಲ್ಲಿ ಗಟ್ಟಿಯಾಗಿ ಕೂತ ಮರಳು. ಎಲ್ಲಿ ನಿಲ್ಲಿಸಬೇಕೆಂದು ಅವಳ ಕೈಗೇ ಗೊತ್ತಾಗುತ್ತಿತ್ತು. ಅಲೆ ಹಿಂದೆ ಸರಿದಾಗ ದಡದಲ್ಲಿ ಗಳಿಗೆ ಹೊತ್ತು ಉಳಿಯುವ ಆ ಒದ್ದೆ ಬೆಳಕು, ಅಷ್ಟು ದಿನ ಕುಂಚಕ್ಕೆ ಸಿಗದೆ ಸತಾಯಿಸಿದ್ದು, ಅಲ್ಲಿತ್ತು.

ಕೊಟ್ರೇಶ್ ಬಹಳ ಹೊತ್ತು ನೋಡಿದ. “ನಂಗೆ ಸಮುದ್ರ ಕಾಣ್ತಿಲ್ಲಪ್ಪ. ಆದ್ರೆ ಕಾಲು ತಣ್ಣಗಾಗ್ತಾ ಇದೆ.”

“ನೀವು ನಿಂತಿರೋದೇ ನೀರಲ್ಲಿ ರೀ,” ಎಂದು ಅವಳು ನಕ್ಕಳು.

ಮರುತಿಂಗಳು ರಾಜಾಜಿನಗರದ ಪ್ರದರ್ಶನವೊಂದರಲ್ಲಿ ಆ ಚಿತ್ರವನ್ನು ತೂಗುಹಾಕಿದರು. ಕೊಟ್ರೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದಿನವಿಡೀ ಅದರ ಪಕ್ಕದಲ್ಲೇ ನಿಂತು, ಯಾವ ಪದರದ ಕೆಳಗೆ ಯಾವುದಿದೆ ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸಿದ. ನೀಲಾಂಬಿಕಾ ದೂರದ ಕುರ್ಚಿಯಲ್ಲಿ ಕೂತು ನಿಧಾನವಾಗಿ ಕಾಫಿ ಕುಡಿದಳು.