ಹದಿನಾಲ್ಕನೇ ಮನೆಯ ಹಿಂಬಾಗಿಲು

ನಮ್ಮ ಬೀದಿ ಟ್ಯಾನರ್ಸ್ ಕ್ಲೋಸಿನಲ್ಲಿ ಇರುವುದು ಇಪ್ಪತ್ತೆರಡು ಮನೆ. ಬೀದಿಗೆ ಒಂದೇ ಬಾಯಿ, ಇನ್ನೊಂದು ತುದಿಯಲ್ಲಿ ಕುರಿ ಮೇಯುವ ಹೊಲ. ಇಲ್ಲಿ ನೆರೆಹೊರೆ ಕಾವಲು ಸಂಘದ ಸಂಚಾಲಕನಾಗಿ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ಕೌಂಟಿ ಕಚೇರಿಯಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುತ್ತಿದ್ದವನು ನಿವೃತ್ತನಾದ ಮೇಲೆ ಏನು ಮಾಡಬೇಕು? ದೀಪದ ಕಂಬಕ್ಕೆ ಹಳದಿ ಫಲಕ ಕಟ್ಟಿಸಿದೆ. ಪ್ರತಿ ತಿಂಗಳು ಪೊಲೀಸರ ಜಾಲತಾಣ ನೋಡಿ ನಮ್ಮ ಬೀದಿಯ ಅಪರಾಧದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮನೆಮನೆಯ ಬಾಗಿಲಲ್ಲಿ ಅಂಚೆ ಹಾಕುವ ಸೀಳಿನೊಳಗೆ ತೂರಿಸುತ್ತಿದ್ದೆ. ಹೆಚ್ಚಿನ ತಿಂಗಳು ಸೊನ್ನೆ. ಒಮ್ಮೆ ಒಂದು ಸೈಕಲ್ಲು, ಒಮ್ಮೆ ಯಾರದೋ ತೋಟದ ಕಲ್ಲಿನ ಮೊಲ. ಆ ಸೊನ್ನೆಗಳನ್ನು ನಾನೇ ಬೆಳೆಸಿದ ತರಕಾರಿಯೇನೋ ಎಂಬಂತೆ ಬೀಗುತ್ತಿದ್ದೆ.

ಹದಿನಾಲ್ಕನೇ ಮನೆಯ ಫಿಲಿಪ್ಪ ಆರ್ಚರ್ಡ್‌ಗೆ ಎಂಬತ್ತರ ಹತ್ತಿರ ವಯಸ್ಸು. ಗಂಡ ಹೋಗಿ ಆರು ವರ್ಷ. ಏಪ್ರಿಲ್‌ನಲ್ಲಿ ಹತ್ತು ದಿನ ವೇಲ್ಸಿನ ಕಡಲ ತೀರದಲ್ಲಿರುವ ತಂಗಿಯ ಮನೆಗೆ ಹೊರಟಾಗ ಕೀಲಿ ನನ್ನ ಕೈಗಿಟ್ಟು, "ಟೊಮೇಟೊ ಸಸಿಗೆ ದಿನಾ ನೀರು ಹಾಕು ಮರ್ವಿನ್, ಬಾಡಿಸ್ಬಿಟ್ರೆ ನಿನ್ನ ಸುಮ್ನೆ ಬಿಡಲ್ಲ" ಅಂದರು. ಅವರ ಮನೆಯ ಇನ್ನೊಂದು ಕೀಲಿ ಇದ್ದದ್ದು ಇವೋನಾ ಹತ್ತಿರ.

ಇವೋನಾ ಪೋಲೆಂಡಿನವಳು. ನಮ್ಮ ಊರಿಗೆ ಬಂದು ಹನ್ನೆರಡು ವರ್ಷ, ಬಸ್ ನಿಲ್ದಾಣದ ಹಿಂದಿನ ಅಂಗಡಿಸಾಲಿನ ಮೇಲೆ ಬಾಡಿಗೆಗಿದ್ದಳು. ನಮ್ಮ ಕ್ಲೋಸಿನಲ್ಲಿ ಏಳು ಮನೆ ಗುಡಿಸಿ ಒರೆಸುತ್ತಿದ್ದಳು. ನಮ್ಮದೂ ಒಂದು, ಮಂಗಳವಾರ ಬೆಳಗ್ಗೆ. ನನ್ನ ಹೆಂಡತಿ ಹೆಟ್ಟಿಗೂ ಅವಳಿಗೂ ಬಹಳ ಹೊಂದಿಕೆ. ಹನ್ನೊಂದು ಗಂಟೆಯಾದರೆ ಇಬ್ಬರೂ ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತು ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಒಳಗೆ ನನ್ನ ಸುದ್ದಿಯೂ ನಡೆಯುತ್ತಿತ್ತು ಅಂತ ನನಗೆ ಗೊತ್ತಿತ್ತು.

ಆ ಗುರುವಾರ ಮಧ್ಯಾಹ್ನ ನಾನು ಫಿಲಿಪ್ಪ ಅವರ ಹಿಂದಿನ ಗಾಜಿನ ಕೋಣೆಯಲ್ಲಿ ಸಸಿಗಳಿಗೆ ನೀರು ಹಾಕುತ್ತಿದ್ದೆ. ಕ್ಯಾನಿನ ನೀರು ಮುಗಿಯಿತು. ಹಿಂಬಾಗಿಲು ತೆಗೆದು ಹೊರಗಿನ ನಲ್ಲಿಗೆ ಹೋದೆ. ಅಷ್ಟರಲ್ಲಿ ಹೆಟ್ಟಿಯ ಫೋನು: "ಬಾಯ್ಲರ್ ರಿಪೇರಿಯವನು ಬಂದಿದಾನೆ, ನೀನೇ ಬಂದು ಮಾತಾಡು, ಅವನು ಹೇಳೋದು ಒಂದೂ ನಂಗೆ ಅರ್ಥವಾಗ್ತಿಲ್ಲ." ಮಾತಾಡುತ್ತಲೇ ಮನೆಯ ಪಕ್ಕದ ಓಣಿಯಿಂದ ಹಾಗೇ ನಡೆದು ಬಂದುಬಿಟ್ಟೆ. ನೀರಿನ ಕ್ಯಾನು ನಲ್ಲಿಯ ಕೆಳಗೇ ಉಳಿಯಿತು.

ಮರುದಿನ ಬೆಳಗ್ಗೆ ಮುಂಬಾಗಿಲಿನಿಂದ ಒಳಗೆ ಹೋದರೆ ಹಜಾರದ ಮೇಜಿನ ಖಾನೆಗಳೆಲ್ಲ ನೆಲದ ಮೇಲೆ. ಮಹಡಿ ಕೋಣೆಯ ಹಾಸಿಗೆ ಮಗುಚಿತ್ತು. ಮಿಸ್ಟರ್ ಆರ್ಚರ್ಡ್‌ರ ಬೆಳ್ಳಿಯ ಜೇಬುಗಡಿಯಾರ ಇಲ್ಲ, ಫಿಲಿಪ್ಪ ಅವರ ತಾಯಿಯ ಮುತ್ತಿನ ಸರ ಇಲ್ಲ. ಹಿಂದಿನ ಕೋಣೆಗೆ ಹೋದೆ. ಹಿಂಬಾಗಿಲು ಅರ್ಧ ತೆರೆದು ಗಾಳಿಗೆ ಅಲ್ಲಾಡುತ್ತಿತ್ತು. ಅದರ ಕೀಲಿ ಒಳಗಡೆ ಬೀಗದಲ್ಲೇ ಇತ್ತು, ನಾನು ಬಿಟ್ಟುಹೋದ ಹಾಗೆಯೇ.

ಮುಂದೆ ಮಾಡಿದ್ದನ್ನು ಗಾಬರಿಯಲ್ಲಿ ಮಾಡಿದೆ ಅಂತ ಹೇಳಿಕೊಳ್ಳಲು ತಿಂಗಳುಗಟ್ಟಲೆ ಪ್ರಯತ್ನಪಟ್ಟಿದ್ದೇನೆ. ಅದು ನಿಜವಲ್ಲ. ನಾನು ಅಲ್ಲಿ ಒಂದೆರಡು ನಿಮಿಷ ನಿಂತು ಯೋಚಿಸಿದೆ. ಕಾವಲು ಸಂಘದ ಸಂಚಾಲಕ ಬಾಗಿಲು ಹಾಕದೆ ಹೋದ ಅನ್ನುವುದನ್ನು ಬೀದಿಯವರ ಬಾಯಲ್ಲಿ ಆಗಲೇ ಕೇಳಿಸಿಕೊಂಡ ಹಾಗಾಯಿತು. ಆಮೇಲೆ ಬಾಗಿಲು ಎಳೆದುಕೊಂಡು ಕೀಲಿ ತಿರುಗಿಸಿದೆ. ಹೊರಗೆ ಸುತ್ತಿ ಹೋಗಿ ನೀರಿನ ಕ್ಯಾನನ್ನೂ ಒಳಗೆ ತಂದಿಟ್ಟೆ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದೆ.

ಬಂದವಳು ಕೆರಿ ಬ್ಲಾಕ್‌ಮೋರ್ ಎಂಬ ಕಾನ್‌ಸ್ಟೇಬಲ್. ಎರಡೂ ಬಾಗಿಲು ನೋಡಿದಳು, ಕಿಟಕಿ ನೋಡಿದಳು.

"ಎಲ್ಲೂ ಒಡೆದಿಲ್ಲ. ಕೀಲಿ ಯಾರ್ಯಾರ ಹತ್ರ ಇದೆ ಮಿಸ್ಟರ್ ಹ್ಯಾಡ್ಲಿ?"

"ನನ್ನ ಹತ್ರ ಒಂದು..."

"ಇನ್ನೊಂದು?"

ನಾನು ಇವೋನಾ ಹೆಸರು ಹೇಳಿದೆ. ಸುಳ್ಳೇನೂ ಅಲ್ಲವಲ್ಲ ಅಂತ ಆಗ ಅಂದುಕೊಂಡೆ.

ಅವಳನ್ನು ಎರಡು ಸಲ ಠಾಣೆಗೆ ಕರೆಸಿದರು. ಮನೆಯೊಡೆಯನ ಕಣ್ಣೆದುರೇ ಅವಳ ಎರಡು ಕೋಣೆ ಜಾಲಾಡಿದರು. ಏನೂ ಸಿಗಲಿಲ್ಲ, ಕೇಸೂ ಹಾಕಲಿಲ್ಲ. ಆದರೆ ಒಂದೇ ವಾರದಲ್ಲಿ ನಮ್ಮ ಬೀದಿಯ ಆರು ಮನೆಯವರು ಅವಳಿಗೆ ಬರಬೇಡ ಅಂದರು. ಉಳಿದದ್ದು ನಮ್ಮದು. ಅವಳನ್ನು ಬಿಡಿಸಲು ಹೆಟ್ಟಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಆರು ವರ್ಷದಿಂದ ಈ ಮನೇಲಿ ಕೆಲಸ ಮಾಡಿದಾಳೆ. ನನ್ನ ಉಂಗುರ ಎಷ್ಟು ಸಲ ಸಿಂಕ್ ಹತ್ರ ಬಿಟ್ಟಿದೀನಿ. ಅವಳೇ ತೊಳೆದು ಬಟ್ಟಲಲ್ಲಿ ಹಾಕಿಡೋಳು. ಅವಳಾಗಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

"ಅವಳೇ ಅಂತ ನಾನೆಲ್ಲಿ ಅಂದೆ?" ಅಂದೆ ನಾನು. "ಆದ್ರೆ ನಾನು ಸಂಚಾಲಕ. ಎಲ್ಲರೂ ಬಿಡಿಸಿ ನಾವು ಮಾತ್ರ ಇಟ್ಕೊಂಡ್ರೆ ಜನ ಏನಂದುಕೋತಾರೆ? ಸ್ವಲ್ಪ ದಿನ ಅಷ್ಟೇ, ತಣ್ಣಗಾಗಲಿ."

ಮೂರು ದಿನ ಹೀಗೇ ಕೊರೆದೆ. ಮುಂದಿನ ಮಂಗಳವಾರ ಹೆಟ್ಟಿ ಬಾಗಿಲಲ್ಲೇ ನಿಂತು ಅವಳಿಗೆ ಹೇಳಿದಳು. ನಾನು ಮಹಡಿಯಲ್ಲಿದ್ದೆ. ಇವೋನಾ ಅಂದದ್ದು ಕೇಳಿಸಿತು: "ನೀವೂನಾ?" ಅಷ್ಟೇ. ಆ ದಿನ ಹೆಟ್ಟಿ ಹನ್ನೊಂದು ಗಂಟೆಗೆ ಚಹಾ ಮಾಡಲಿಲ್ಲ.

ಜುಲೈ ತಿಂಗಳ ಸಭೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ. ನಾನು ಎಂದಿನಂತೆ ಲೆಕ್ಕ ಓದಿದೆ: ಏಪ್ರಿಲ್ ಒಂದು, ಮೇ ಸೊನ್ನೆ, ಜೂನ್ ಸೊನ್ನೆ. ಮೂರನೇ ಮನೆಯ ನೈಜಲ್ ಪ್ರೌಡ್‌ಫುಟ್ ಬಿಸ್ಕತ್ತು ಅಗಿಯುತ್ತಾ ಎದ್ದು ನಿಂತ. ಮೊದಲು ಕಾರು ಮಾರುತ್ತಿದ್ದವನು, ಮೈಕ್ ಇಲ್ಲದೆಯೇ ಸಭಾಂಗಣ ತುಂಬುವ ಗಂಟಲು.

"ಸೊನ್ನೆ, ಸೊನ್ನೆ! ಯಾಕೆ ಅಂತ ಬಾಯಿಬಿಟ್ಟು ಹೇಳ್ಬೇಕಾ? ಕೊಳೆ ಒರೆಸೋರನ್ನ ಕಳಿಸಿದ ಮೇಲೇ ಬೀದಿ ಕ್ಲೀನಾಯ್ತು ನೋಡಿ!"

ಎಲ್ಲರೂ ನಕ್ಕರು. ಚಪ್ಪಾಳೆ ತಟ್ಟಿದರು, ಅದೂ ನನಗೆ. ನಾನು ಕೈಯಲ್ಲಿದ್ದ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ನನ್ನ ಮುಖದಲ್ಲೂ ನಗು ಇತ್ತು, ಅದು ನೆನಪಿದೆ.

ಆಗಸ್ಟಿನಲ್ಲಿ ಒಂದು ದಿನ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ನನ್ನ ಮುಂದೆ ಇವೋನಾ ನಿಂತಿದ್ದಳು. ಕೋಳಿ ಮಾಂಸ ಪ್ಯಾಕು ಮಾಡುವ ಕಾರ್ಖಾನೆಯ ನೀಲಿ ಅಂಗಿ ತೊಟ್ಟಿದ್ದಳು. ಬೆರಳುಗಳೆಲ್ಲ ಅಲ್ಲಿನ ಶೀತಕೋಣೆಯ ಥಂಡಿಗೆ ಕೆಂಪಾಗಿ ಬಿರಿದಿದ್ದವು. ತಿರುಗಿ ನನ್ನನ್ನು ನೋಡಿದಳು. ಬುಟ್ಟಿಯಲ್ಲಿ ಬ್ರೆಡ್ಡು, ಮೊಟ್ಟೆ, ಕ್ಯಾಬೇಜು ಇದ್ದವು. ಬುಟ್ಟಿಯನ್ನು ನಿಧಾನವಾಗಿ ನೆಲಕ್ಕಿಟ್ಟು, ಏನೂ ತೆಗೆದುಕೊಳ್ಳದೆ ಹೊರಗೆ ಹೋದಳು. ಹಿಂದಿದ್ದ ಹೆಂಗಸು, "ಬಿಟ್ಟುಹೋದ್ರಲ್ಲ, ಪಾಪ, ಕರೀರಿ" ಅಂದಳು.

ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಹೆಟ್ಟಿಗೆ ಎಲ್ಲಾ ಹೇಳಿದೆ. ನಲ್ಲಿ, ಫೋನು, ತೆರೆದ ಬಾಗಿಲು, ತಿರುಗಿಸಿದ ಕೀಲಿ. ಅವಳು ಬಟಾಣಿ ಬಿಡಿಸುತ್ತಿದ್ದಳು. ಕೈ ನಿಂತಿತು.

"ಬಾಗಿಲು ತೆರೆದಿಟ್ಟು ಬಂದಿದ್ದೆ ಅಂದಿದ್ರೆ ಸಾಕಿತ್ತಲ್ಲೋ," ಅಂದಳು. "ನಾನೇ ನಿನ್ನ ಪರ ನಿಲ್ತಿದ್ದೆ. ಯಾರು ಮರೆಯಲ್ಲ ಹೇಳು?"

"ಹೂಂ."

"ಹೂಂ ಅಂತೆ. ನನ್ನ ಬಾಯಿಂದ ಅವಳಿಗೆ ಆ ಮಾತು ಹೇಳಿಸ್ದೆ ನೀನು. ನಿಂಗೆ ಗೊತ್ತಿತ್ತು. ಮಹಡಿ ಮೇಲೆ ಕೂತು ಕೇಳಿಸ್ಕೊಂಡೆ." ಬಟಾಣಿಯ ಪಾತ್ರೆ ಎತ್ತಿಕೊಂಡು ತೋಟಕ್ಕೆ ಹೋದಳು. ಆಮೇಲೆ ಹಲವು ದಿನ ನಮ್ಮ ನಡುವೆ ಊಟ, ಔಷಧಿ ಬಿಟ್ಟು ಬೇರೆ ಮಾತಿರಲಿಲ್ಲ.

ಮಾರನೆಯ ದಿನವೇ ಠಾಣೆಗೆ ಹೋದೆ. ಕೆರಿ ಬ್ಲಾಕ್‌ಮೋರ್ ನನ್ನ ಹೇಳಿಕೆ ಬರೆದುಕೊಂಡಳು. ನನ್ನ ಮಗಳ ವಯಸ್ಸಿನವಳು. ಒಮ್ಮೆಯೂ ಗದರಲಿಲ್ಲ, ಅದೇ ಕಷ್ಟವಾಯಿತು.

"ಆವತ್ತೇ ಹೇಳಿದ್ರೆ ಹಿಂದಿನ ಹೊಲದ ದಾರೀಲಿ ಯಾರಾದ್ರೂ ಓಡಾಡಿದ್ರಾ ಅಂತ ವಿಚಾರಿಸ್ತಿದ್ವಿ. ನಾಲ್ಕು ತಿಂಗಳಾದ ಮೇಲೆ ಯಾರನ್ನ ಕೇಳೋದು?" ಅಂದಳು. ಕೊನೆಗೆ ಮೇಲಧಿಕಾರಿಗಳು ನನಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರು. ಗಡಿಯಾರವಾಗಲಿ ಸರವಾಗಲಿ ಸಿಗಲೇ ಇಲ್ಲ, ಕದ್ದವರು ಯಾರೆಂಬುದೂ ತಿಳಿಯಲಿಲ್ಲ.

ಸೆಪ್ಟೆಂಬರ್ ಸಭೆಯಲ್ಲಿ ಲೆಕ್ಕ ಓದುವ ಬದಲು ನಿಂತು ಎಲ್ಲರೆದುರು ಹೇಳಿದೆ. ಹೇಳಿ ಮುಗಿಸಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆ ಅಂತ ನಂಬಿದ್ದೆ. ಆಮೇಲೆ ಫಿಲಿಪ್ಪ ಆರ್ಚರ್ಡ್ ನನ್ನ ತೋಳು ತಟ್ಟಿದರು.

"ನೀನು ಮೃದು ಮನಸ್ಸಿನವನು ಮರ್ವಿನ್. ಅವಳ ಪಾಡು ನೋಡಿ ಕರುಳು ಕಿತ್ತುಬಂದಿರಬೇಕು. ಅದಕ್ಕೆ ತಪ್ಪನ್ನ ಮೈಮೇಲೆ ಹಾಕ್ಕೋತಿದೀಯ."

"ಇಲ್ಲ ಫಿಲಿಪ್ಪ. ಬಾಗಿಲು ತೆರೆದಿತ್ತು. ನಾನೇ ಬೀಗ ಹಾಕಿದೆ. ಪೊಲೀಸರಿಗೂ ಹೇಳಿದೀನಿ."

"ಸರಿಯಪ್ಪ, ತೆರೆದಿತ್ತು ಅಂತಾನೇ ಇಟ್ಕೊಳ್ಳೋಣ," ಅಂದ ನೈಜಲ್. "ತೆರೆದಿದೆ ಅಂತ ಗೊತ್ತಾದದ್ದು ಯಾರಿಗೆ? ಸರ ಎಲ್ಲಿದೆ ಅಂತ ಗೊತ್ತಿದ್ದದ್ದು ಯಾರಿಗೆ? ಅವಳು ಹೋದ ಮೇಲೆ ನಾಲ್ಕು ತಿಂಗಳು ಸೊನ್ನೆ. ನಿನ್ನದೇ ಲೆಕ್ಕ ಕಣಯ್ಯ!"

"ಅವಳು ಬರೋಕೆ ಮುಂಚೆಯೂ ಸೊನ್ನೆ ಇತ್ತು. ಅವಳು ಇದ್ದಾಗಲೂ ಸೊನ್ನೆ ಇತ್ತು," ಅಂದೆ. ಯಾರೋ ಕುರ್ಚಿ ಸರಿಸಿದರು. ಯಾರೋ ಚಹಾ ಆರುತ್ತಿದೆ ಅಂದರು. ಕದ್ದವಳು ಹೊರಗಿನವಳು ಎಂಬ ಧೈರ್ಯದ ಮೇಲೆ ಅವರೆಲ್ಲ ನಾಲ್ಕು ತಿಂಗಳಿಂದ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಆ ಧೈರ್ಯವನ್ನು ಹಾಳೆಯಲ್ಲಿ ಬರೆದು ಮನೆಮನೆಗೆ ಹಂಚಿದವನು ನಾನೇ. ಈಗ ವಾಪಸ್ಸು ಕೊಡಿ ಅಂದರೆ ಯಾರು ಕೊಡುತ್ತಾರೆ? ಅವತ್ತೇ ಸಂಚಾಲಕನ ಕೆಲಸ ಬಿಟ್ಟೆ. ನೈಜಲ್ ವಹಿಸಿಕೊಂಡ.

ಅದಾಗಿ ಎರಡು ದಿನಕ್ಕೆ ಇವೋನಾ ಮನೆಯ ಮೆಟ್ಟಿಲು ಹತ್ತಿದೆ. ಕೈಯಲ್ಲಿ ನಾನು ಬರೆದು ಸಹಿ ಮಾಡಿದ ಪತ್ರ. ಅವಳು ಬಾಗಿಲು ತೆರೆದಳು, ಒಳಗೆ ಬನ್ನಿ ಅನ್ನಲಿಲ್ಲ. ಹೊಸ್ತಿಲಲ್ಲೇ ನಿಂತು ಪತ್ರ ಎರಡು ಸಲ ಓದಿದಳು.

"ಇಲ್ಲಿ 'ಮರೆವಿನಿಂದಾಗಿ' ಅಂತ ಬರೆದಿದೀರಲ್ಲ."

"ಹೌದು. ಫೋನು ಬಂತು, ಮರೆತೆ."

"ಮರೆತದ್ದು ಬಾಗಿಲು. ಕೀಲಿ ತಿರುಗಿಸಿದ್ದು ಮರೆವಾ ಮಿಸ್ಟರ್ ಹ್ಯಾಡ್ಲಿ?"

"ಅಲ್ಲ."

"ನನ್ನ ಹೆಸರು ಹೇಳಿದ್ದು?"

"ಅದೂ ಅಲ್ಲ."

"ಹಾಗಾದ್ರೆ ಸರಿಯಾಗಿ ಬರೀರಿ." ಒಳಗಿನಿಂದ ಹಾಳೆ, ಪೆನ್ನು ತಂದುಕೊಟ್ಟಳು. ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲಿಟ್ಟುಕೊಂಡು ಬರೆದೆ: ನನ್ನ ಮಾನ ಉಳಿಸಿಕೊಳ್ಳಲು ತಿಳಿದೂ ತಿಳಿದೂ ಬಾಗಿಲಿಗೆ ಬೀಗ ಹಾಕಿದೆ, ಅನುಮಾನ ಇವೋನಾ ಮೇಲೆ ಹೋಗಲು ಬಿಟ್ಟೆ. ಅವಳು ಓದಿ ತಲೆಯಾಡಿಸಿದಳು.

"ಕ್ಷಮಿಸಿ ಅಂತ ಕೇಳೋಕೆ..." ಅಂದೆ.

"ಅದು ಬೇಡ. ನಿಮ್ಮ ಮನಸ್ಸು ಹಗುರ ಮಾಡೋದು ನನ್ನ ಕೆಲಸ ಅಲ್ಲ. ಒಂದು ಶಾಲೆಯಲ್ಲಿ ಕೆಲಸ ಕೇಳಿದೀನಿ. ಈ ಕಳ್ಳತನದ ಮಾತು ಅಲ್ಲಿಗೂ ಮುಟ್ಟಿದೆ. ಈ ಪತ್ರ ಅವರಿಗೆ ಕೊಡ್ತೀನಿ. ಇದರದ್ದೇ ನಕಲು ನನ್ನ ಬಿಡಿಸಿದ ಆರು ಮನೆಗೂ ನೀವೇ ಕೊಡ್ಬೇಕು. ಬಾಗಿಲ ಸೀಳಲ್ಲಿ ಹಾಕೋದಲ್ಲ, ಕೈಗೆ."

ಕೊಟ್ಟೆ. ಎಲ್ಲಾ ಮುಗಿಯಲು ಒಂದು ವಾರ ಹಿಡಿಯಿತು. ಬಾಗಿಲು ತೆರೆಯದ ಮನೆಗೆ ಮತ್ತೆ ಮತ್ತೆ ಹೋಗಬೇಕಾಯಿತು. ಇಬ್ಬರು ನನ್ನೆದುರೇ ಓದಿ, ಮುಖ ಸಪ್ಪಗೆ ಮಾಡಿಕೊಂಡು, ಇವೋನಾಳನ್ನು ಮತ್ತೆ ಕರೆಯುತ್ತೇವೆ ಅಂದರು. ಒಬ್ಬರು ಓದಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ನಿಬ್ಬರು ಮಡಚಿ ಪಕ್ಕಕ್ಕಿಟ್ಟರು. ಫಿಲಿಪ್ಪ ಆರ್ಚರ್ಡ್ ಓದುತ್ತಾ ಓದುತ್ತಾ ಕನ್ನಡಕ ತೆಗೆದರು. "ಹಾಗಾದ್ರೆ ನಿಜಾನೇ?" ಅಂದರು. ಆಮೇಲೆ ಕೈಚಾಚಿ, "ಕೀಲಿ ಕೊಟ್ಟುಬಿಡು ಮರ್ವಿನ್" ಅಂದರು. ಕೊಟ್ಟು ಬಂದೆ.

ಮತ್ತೆ ಇವೋನಾ ಹತ್ತಿರ ಹೋದೆ. ಇಸ್ತ್ರಿ ಹಾಕುತ್ತಿದ್ದಳು, ಬಾಗಿಲು ತೆರೆದೇ ಇತ್ತು. ಶಾಲೆಯವರು ಸೋಮವಾರದಿಂದ ಬರಲು ಹೇಳಿದ್ದಾರೆ ಅಂದಳು. ಎರಡು ಮನೆಯವರು ಮತ್ತೆ ಕರೆಯುತ್ತಾರಂತೆ ಅಂದೆ. "ಕರೀಲಿ, ನಾನು ಬರಲ್ಲ" ಅಂದಳು.

"ಆರೂ ಮನೆಗೆ ಮುಟ್ಟಿಸಿದೆ," ಅಂದೆ. "ಇನ್ನು ಉಳಿದದ್ದು ಏಳನೇದು, ನಮ್ಮದು. ಹೆಟ್ಟಿದೇನೂ ತಪ್ಪಿಲ್ಲ, ನಾನೇ ಅವಳ ಕೈಲಿ..."

"ಗೊತ್ತು. ಅವರು ಬಂದಿದ್ರು."

"ಯಾರು?"

"ಹೆಟ್ಟಿ. ಆಗಸ್ಟ್‌ನಲ್ಲೇ. ಇಲ್ಲೇ ಈ ಕುರ್ಚಿ ಮೇಲೆ ಕೂತು ಅತ್ರು. ಎಲ್ಲಾ ಹೇಳಿದ್ರು. ನಿಮ್ಮ ಬಾಯಿಂದಾನೇ ಬರಲಿ ಅಂತ ನಾನು ಕಾದೆ." ಇಸ್ತ್ರಿಯನ್ನು ಅಂಗಿಯ ತೋಳಿನ ಮೇಲೆ ಎಳೆದಳು. "ಮಂಗಳವಾರ ಅವರು ಇಲ್ಲಿಗೆ ಬರ್ತಾರೆ, ಚಹಾಕ್ಕೆ. ನೀವು ಬರೋದು ಬೇಡ."

ನಾನು ಮೆಟ್ಟಿಲಿಳಿದು ಬಸ್ಸು ಹಿಡಿಯದೆ ನಡೆದೇ ಮನೆಗೆ ಬಂದೆ. ಹೆಟ್ಟಿ ಬಟ್ಟೆ ಒಣಹಾಕುತ್ತಿದ್ದಳು.

"ಎಲ್ಲಿಗೆ ಹೋಗಿದ್ದೆ?" ಅಂದಳು.

ಹೇಳಿದೆ. ಅವಳು ಬುಟ್ಟಿಯ ಇನ್ನೊಂದು ಕಡೆ ಹಿಡಿ ಅಂತ ಕಣ್ಣಲ್ಲೇ ತೋರಿಸಿದಳು. ಹಿಡಿದುಕೊಂಡೆ.